ಪಾಸ್‌ಪೋರ್ಟ್ ದೋಹಾದಲ್ಲೇ ಇರ್ತದಾ?

ಕ್ರೂಸ್ ಕೇಳಿಕೊಂಡು ಬರುವವರು ಸಾಮಾನ್ಯವಾಗಿ ಹಡಗಿನಿಂದ ಶುರು ಮಾಡುತ್ತಾರೆ. ಕ್ಯಾಬಿನ್ನಿಗೆ ಕಿಟಕಿ ಉಂಟಾ, ಹಲಾಲ್ ಊಟ ಸಿಗ್ತದಾ, ಸಮುದ್ರದಲ್ಲಿ ವಾಂತಿ ಬರ್ತದಾ. ಇವರು ಕುರ್ಚಿ ಎಳೆದು ಕೂತವರೇ ಕೇಳಿದ್ದು, “ಪಾಸ್‌ಪೋರ್ಟ್ ಎಷ್ಟು ದಿನ ನಮ್ಮ ಕೈಯಲ್ಲಿ ಇರುದಿಲ್ಲ?”

ದೋಹಾದ ಒಂದು ಟ್ರಾವೆಲ್ ಆಫೀಸಿನಲ್ಲಿ ಬ್ರಿಟನ್ ಮತ್ತು ಯುರೋಪಿನ ಹಡಗು ಪ್ರವಾಸಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎದುರು ಕೂತವರು ಉಳ್ಳಾಲ ಕಡೆಯ ಬ್ಯಾರಿ, ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಟೆಕ್ನಿಷಿಯನ್. ಹಜ್ ಮುಗಿಸಿದವರು, ಹಾಗಾಗಿ ನಮ್ಮ ಆಫೀಸಿನಲ್ಲಿ ಅವರು ಹಾಜಿಯವರು. ಮುಂದಿನ ವರ್ಷ ನಿವೃತ್ತಿ. ಜೊತೆಗೆ ಹೆಂಡತಿ, ಅಲ್ ರಯ್ಯಾನ್‌ನ ಫ್ಲ್ಯಾಟಿನಲ್ಲಿ ಮೂರು ಮಕ್ಕಳನ್ನು ಬೆಳೆಸಿ ಮದುವೆ ಮಾಡಿಸಿದವರು. ಹಡಗಿನ ಆಸೆ ಅವರದ್ದು.

“ಇಕಾಮಾ ಇರುವಾಗಲೇ ಹೋಗಿ ಬರಬೇಕು ಮಗಳೇ,” ಅಂದರು ಆಕೆ. “ಊರಿಗೆ ಹೋಗಿ ಕೂತರೆ ಇವರು ಮತ್ತೆ ಮಸೀದಿ, ಮನೆ, ಮೀನು ಮಾರ್ಕೆಟ್ ಬಿಟ್ಟು ಎಲ್ಲಿಗೂ ಬರ್ಲಿಕ್ಕಿಲ್ಲ.”

ಅವರ ಲೆಕ್ಕ ಸರಿ ಇತ್ತು. ಇಕಾಮಾ ಎಂಬ ಕತಾರ್‌ನ ನಿವಾಸ ಪರವಾನಗಿ, ಸಂಬಳದ ಪತ್ರ, ಕಂಪನಿಯ ರಜೆ ಪತ್ರ ಇರುವಾಗ ವೀಸಾ ಸಿಗುವುದು ಸುಲಭ. ಜೂನ್‌ನಲ್ಲಿ ಸೌತಾಂಪ್ಟನ್ನಿನಿಂದ ಹೊರಡುವ ಹಡಗನ್ನು ಆರಿಸಿದೆವು. ನಾನು ನನ್ನ ಸೂಚನೆಗಳ ಹಾಳೆ ತೆಗೆದು ಒಂದೊಂದೇ ವಿವರಿಸಿದೆ. ಹಡಗು ಹೊರಡುವ ದಿನವೇ ಲಂಡನ್ನಿನಲ್ಲಿ ಇಳಿಯುವ ಟಿಕೆಟ್ ಬೇಡ, ಒಂದು ದಿನ ಮೊದಲೇ ಇಳಿಯಿರಿ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ. ಮಾತ್ರೆ, ಜಾಕೆಟ್ ಕೈಚೀಲದಲ್ಲಿರಲಿ. ಸೂಟ್‌ಕೇಸು ಕ್ಯಾಬಿನ್ನಿಗೆ ಬರುವಾಗ ಸಂಜೆಯಾಗುತ್ತದೆ. ಬಂದರಿನಲ್ಲಿ ಇಳಿದಾಗ ಫೋನು ತಾನಾಗಿ ಸಮಯ ಬದಲಿಸುತ್ತದೆ, ಹಡಗು ಬದಲಿಸದಿರಬಹುದು. ಕೈಗೆ ಹಳೇ ವಾಚ್ ಕಟ್ಟಿ ಹಡಗಿನ ಸಮಯ ಇಟ್ಟುಕೊಳ್ಳಿ. ಕ್ಯಾಟಲಾಗಿನಲ್ಲಿ ‘ಪ್ಯಾರಿಸ್’ ಅಂತ ಬರೆದಿದ್ದರೆ ನಂಬಬೇಡಿ, ಬಂದರಿನಿಂದ ಪ್ಯಾರಿಸ್ಸಿಗೆ ಬಸ್ಸಿನಲ್ಲಿ ಮೂರು ಗಂಟೆ. ಹೋಗಿ ಬರುವಷ್ಟರಲ್ಲಿ ದಿನ ಖಲಾಸ್. ನಡುವೆ ಒಂದು ದಿನ ಹಡಗು ಬ್ರಿಟನ್ನಿನ ಬಂದರಿಗೆ ಮರಳಿ ಮತ್ತೆ ಯುರೋಪಿಗೆ ಹೋಗುವುದರಿಂದ ಯುರೋಪಿನ ವೀಸಾ ಒಂದೇ ಪ್ರವೇಶದ್ದಾದರೆ ಸಾಲದು, ಹಲವು ಪ್ರವೇಶದ್ದು ಬೇಕು.

ಪಾಸ್‌ಪೋರ್ಟ್ ಎಷ್ಟು ದಿನ, ಯಾವ ಊರಿನಲ್ಲಿ ಇರುತ್ತದೆ ಎಂಬುದು ಈಗ ಆ ಹಾಳೆಯ ಮೊದಲ ಸಾಲು. ಆಗ ಇರಲಿಲ್ಲ.

ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಸಿಬ್ಬಂದಿಯೇ ಇಟ್ಟುಕೊಳ್ಳುತ್ತಾರೆ ಅಂದಾಗ ಹಾಜಿಯವರು ಹಾಳೆಯಿಂದ ಕಣ್ಣೆತ್ತಿದರು. “ಯಾಕೆ ಇಟ್ಟುಕೊಳ್ಳುದು?”

“ಬಂದರಿನ ಇಮಿಗ್ರೇಶನ್ನಿಗೆ ಎಲ್ಲರದ್ದೂ ಒಟ್ಟಿಗೆ ತೋರಿಸ್ಲಿಕ್ಕೆ.”

“ಕೇಳಿದ್ರೆ ಕೂಡ್ಲೇ ಕೊಡ್ತಾರಾ?”

ಹೆಂಡತಿ ನಕ್ಕರು. “ಇವರು ಸ್ನಾನಕ್ಕೆ ಹೋಗುವಾಗ ಪಾಸ್‌ಪೋರ್ಟ್ ತಗೊಂಡು ಹೋಗುದೊಂದು ಬಾಕಿ.”

ಹಾಜಿಯವರು ನಗಲಿಲ್ಲ. ಕಾರಣ ಹೇಳಿದರು. ಗಲ್ಫಿಗೆ ಬಂದ ಹೊಸದರಲ್ಲಿ ಅವರದ್ದು ಒಂದು ಸಣ್ಣ ಕಾಂಟ್ರ್ಯಾಕ್ಟ್ ಕಂಪನಿಯ ಕೆಲಸ. ಪಾಸ್‌ಪೋರ್ಟ್‌ಗಳೆಲ್ಲ ಆಫೀಸಿನ ತಿಜೋರಿಯಲ್ಲಿ. ಊರಲ್ಲಿ ಉಮ್ಮ, ಅಂದರೆ ತಾಯಿ, ತೀರಿಕೊಂಡ ಸುದ್ದಿ ಬಂದಾಗ ಬೀಗದ ಕೈ ಇದ್ದವನು ಬೇರೆ ಊರಿಗೆ ಹೋಗಿದ್ದ. ನಾಲ್ಕು ದಿನ. “ನಮ್ಮಲ್ಲಿ ಮಯ್ಯತ್ ಇಟ್ಟುಕೊಂಡು ಕಾಯುವ ಕ್ರಮ ಇಲ್ಲ. ಅದೇ ದಿನ ಮಣ್ಣು ಮಾಡ್ತಾರೆ. ನಾನು ಐದನೇ ದಿನ ಹೋಗಿ ಹಸಿ ಮಣ್ಣು ನೋಡಿ ಬಂದೆ. ಆ ಮೇಲೆ ಪಾಸ್‌ಪೋರ್ಟ್ ಯಾರ ಕೈಗೂ ಕೊಡ್ಲಿಲ್ಲ. ಈಗ ಊರಲ್ಲಿ ಹಿರಿಯರು ಅಂತ ಇರುದು ಅಕ್ಕ ಒಬ್ಬಳು. ನನ್ನನ್ನು ಎತ್ತಿ ಆಡಿಸಿದವಳು. ಅವಳಿಗೆ ಶುಗರ್, ಪ್ರೆಶರ್ ಎಲ್ಲ ಉಂಟು.”

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಆದರೆ ಮಂಗಳೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಖಂಡನೆಯ ಪಾಳಿ ನನ್ನದೇ ಆಗಿತ್ತು. ಯಾರಾದರೂ ಒಂದು ಘಟನೆಯನ್ನು ನಿಯಮ ಮಾಡಿಕೊಂಡರೆ ನನಗೆ ತಡೆಯುವುದಿಲ್ಲ.

“ಎಷ್ಟು ವರ್ಷ ಆಯ್ತು ಹಾಜಿಯವರೇ ಅದು ಆಗಿ?”

“ಇಪ್ಪತ್ತೇಳು.”

“ಈ ಇಪ್ಪತ್ತೇಳು ವರ್ಷದಲ್ಲಿ ಇದ್ದ ಹಾಗೇ ಎದ್ದು ಓಡಬೇಕಾದ ಫೋನು ಎಷ್ಟು ಸಲ ಬಂತು?”

“ಬರ್ಲಿಲ್ಲ.”

“ಮತ್ತೆ ಪಾಸ್‌ಪೋರ್ಟ್ ಕೈಯಲ್ಲಿ ಇಲ್ಲದ ಹದಿನೈದು ದಿನದಲ್ಲೇ ಯಾಕೆ ಬರಬೇಕು?”

“ಬರ್ಲಿಕ್ಕಿಲ್ಲ ಅಂತ ಉಂಟಾ?”

“ಇಲ್ಲ. ಆದ್ರೆ ಮಳೆ ಬಂದರೂ ಬರಬಹುದು ಅಂತ ನೀವು ದೋಹಾದಲ್ಲಿ ದಿನಾ ಕೊಡೆ ಹಿಡಿದುಕೊಂಡು ಹೋಗ್ತೀರಾ?”

ಹೆಂಡತಿ ಜೋರಾಗಿ ನಕ್ಕರು. ಹಾಜಿಯವರೂ ಕಡೆಗೆ ಸೋತವರ ಹಾಗೆ ಕೈ ಎತ್ತಿದರು. “ಆಯ್ತು ವಕೀಲಮ್ಮ. ನಿನ್ನ ಹತ್ರ ಮಾತಾಡಿ ಗೆಲ್ಲುವವನು ಹುಟ್ಟಿ ಬರಬೇಕು.”

ಬ್ರಿಟನ್ನಿನ ವೀಸಾದಲ್ಲಿ ತೊಂದರೆಯಾಗಲಿಲ್ಲ. ಬೆರಳಚ್ಚು ಕೊಟ್ಟು, ಪಾಸ್‌ಪೋರ್ಟನ್ನು ತಮ್ಮಲ್ಲೇ ಇಟ್ಟುಕೊಂಡು, ತೀರ್ಮಾನವಾದ ಮೇಲೆ ಮಾತ್ರ ಒಪ್ಪಿಸುವ ಸೌಲಭ್ಯವಿದೆ. ಅದಕ್ಕೆ ಕೊಡುವ ಹೆಚ್ಚಿನ ಶುಲ್ಕ ದಂಡ ಎಂದು ನಾನು ವಾದಿಸಿದೆ, ಹಾಜಿಯವರು ಅದೊಂದನ್ನು ಬಿಟ್ಟುಕೊಡಲಿಲ್ಲ. ಪಾಸ್‌ಪೋರ್ಟ್ ಅವರಿಂದ ದೂರ ಇದ್ದದ್ದು ಮೂರೇ ದಿನ.

ಯುರೋಪಿನ ವೀಸಾಕ್ಕೆ ಅಂಥ ಸೌಲಭ್ಯ ಇರಲಿಲ್ಲ. ಅರ್ಜಿಯ ಜೊತೆಗೇ ಪಾಸ್‌ಪೋರ್ಟ್ ಹೋಗಬೇಕು. ಯಾವ ದೇಶಕ್ಕೆ ಅರ್ಜಿ ಹಾಕುವುದು ಎಂಬುದು ಎರಡನೆಯ ತಲೆನೋವು. ನಿಯಮ ಸರಳ: ಹೆಚ್ಚು ಕಾಲ ಎಲ್ಲಿರುತ್ತೀರೋ ಆ ದೇಶಕ್ಕೆ; ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಹಡಗು ಮುಟ್ಟುವ ಮೊದಲ ದೇಶದಲ್ಲಿ ಎರಡು ಬಂದರು, ಎರಡು ಹಗಲು. ಎರಡನೇ ದೇಶದಲ್ಲಿ ಒಂದೇ ಬಂದರು, ಆದರೆ ಅಲ್ಲಿ ಹಡಗು ರಾತ್ರಿ ತಂಗಿ ಎರಡನೆಯ ದಿನ ಹೊರಡುತ್ತದೆ. ಹಗಲು ಎಣಿಸಿದರೆ ಎರಡೂ ಸಮ, ಮೊದಲ ದೇಶ. ರಾತ್ರಿ ಎಣಿಸಿದರೆ ಎರಡನೇ ದೇಶ.

ಮೊದಲ ದೇಶದವರ ಕಚೇರಿ ದೋಹಾದಲ್ಲೇ ಇತ್ತು, ಆದರೆ ಬೆರಳಚ್ಚಿನ ಸರದಿ ಸಿಗುವುದು ಐದು ವಾರದ ಮೇಲೆ. ಎರಡನೇ ದೇಶದ ಸರದಿ ನಾಲ್ಕೇ ದಿನದಲ್ಲಿ ಸಿಗುತ್ತಿತ್ತು. ಅರ್ಜಿ ತೆಗೆದುಕೊಳ್ಳುವ ಸೆಂಟರ್ ಮಾತ್ರ ದೋಹಾದಲ್ಲಿ. ತೀರ್ಮಾನ ಮಾಡುವ ಕಾನ್ಸುಲೇಟ್ ಗಲ್ಫಿನ ಇನ್ನೊಂದು ದೇಶದಲ್ಲಿ. ಪಾಸ್‌ಪೋರ್ಟ್‌ಗಳು ವಾರಕ್ಕೆರಡು ಸಲ ಕೊರಿಯರ್ ಚೀಲದಲ್ಲಿ ಅಲ್ಲಿಗೆ ಹೋಗಿ ಬರುತ್ತವೆ.

ನಾನು ರಾತ್ರಿ ಎಣಿಸಿದೆ. ಕವರಿಂಗ್ ಲೆಟರಿನಲ್ಲಿ ಅದನ್ನು ಎಷ್ಟು ಚೆನ್ನಾಗಿ ಸಮರ್ಥಿಸಿದ್ದೆ ಎಂದರೆ ನಮ್ಮ ಮ್ಯಾನೇಜರ್, ಉಡುಪಿ ಕಡೆಯವರು, ಅದರ ಪ್ರತಿ ತೆಗೆದು ಮಾದರಿ ಅಂತ ಫೈಲಿನಲ್ಲಿ ಇಟ್ಟರು.

ಅರ್ಜಿ ಕೊಡುವ ದಿನ ನಾನೇ ಜೊತೆಗೆ ಹೋಗಿದ್ದೆ. ಹಾಜಿಯವರು ಅಂಗಿಯ ಒಳಜೇಬಿನಿಂದ ಎರಡು ಪಾಸ್‌ಪೋರ್ಟ್ ತೆಗೆದು, ರಬ್ಬರ್ ಬ್ಯಾಂಡ್ ಬಿಚ್ಚಿ, ಕೌಂಟರಿಗೆ ಕೊಡುವ ಮೊದಲು ನನ್ನ ಕಡೆ ತಿರುಗಿದರು.

“ಪಾಸ್‌ಪೋರ್ಟ್ ದೋಹಾದಲ್ಲೇ ಇರ್ತದಾ?”

ಕಾಲೇಜಿನಲ್ಲಿ ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟಿದ್ದರು. ಎದುರಾಳಿಯ ಪ್ರಶ್ನೆ ಕಷ್ಟದ್ದಾದರೆ, ಅದರ ಪಕ್ಕದಲ್ಲೇ ಇರುವ ಸುಲಭದ ಪ್ರಶ್ನೆಗೆ ಉತ್ತರ ಕೊಡು. ಕೇಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

“ಕೊಡುವುದೂ ಇದೇ ಕೌಂಟರಿನಲ್ಲಿ, ವಾಪಸ್ ತಗೊಳ್ಳುವುದೂ ಇದೇ ಕೌಂಟರಿನಲ್ಲಿ ಹಾಜಿಯವರೇ,” ಅಂದೆ.

ಅವರು ಕೊಟ್ಟರು.

ಒಂಬತ್ತನೆಯ ದಿನ, ಗುರುವಾರ, ಬೆಳಿಗ್ಗೆ ಹತ್ತೂವರೆಗೆ ಹಾಜಿಯವರ ಹೆಂಡತಿಯ ಫೋನು. ಅಕ್ಕನಿಗೆ ಪಾರ್ಶ್ವವಾಯು, ಮಂಗಳೂರಿನ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಹಾಕಿದ್ದಾರೆ. ಬರುವವರು ಕೂಡಲೇ ಬರಲಿ ಅಂತ ಡಾಕ್ಟರು ಹೇಳಿದ್ದಾರೆ. “ಇವರಿಗೆ ಇನ್ನೂ ಗೊತ್ತಿಲ್ಲ. ಪ್ಲಾಂಟಿನ ಒಳಗೆ ಫೋನು ಬಿಡುದಿಲ್ಲ. ಸೂಪರ್‌ವೈಸರಿಗೆ ಹೇಳಿದ್ದೇನೆ. ಇವರು ಬರುವಷ್ಟರಲ್ಲಿ ನೀನು ಪಾಸ್‌ಪೋರ್ಟ್ ತೆಗೆಸಿ ಇಡ್ತೀಯಾ ಮಗಳೇ?”

ನಾನು ಮಾಡಿದ ಮೊದಲ ಕೆಲಸ, ಪ್ರಯೋಜನವಿಲ್ಲದ್ದು: ಮಂಗಳೂರಿನ ವಿಮಾನ ನೋಡಿದೆ. ಅದೇ ಸಂಜೆಯದರಲ್ಲಿ ಸೀಟು ಇತ್ತು.

ವೀಸಾ ಸೆಂಟರಿನವರು ಹೇಳಿದ್ದು ನನಗೆ ಗೊತ್ತಿದ್ದದ್ದನ್ನೇ. ಪಾಸ್‌ಪೋರ್ಟ್ ಕಾನ್ಸುಲೇಟಿನಲ್ಲಿದೆ. ಅರ್ಜಿ ವಾಪಸ್ ಪಡೆಯಬೇಕಾದರೆ ಅರ್ಜಿದಾರರೇ ಸಹಿ ಮಾಡಿದ ಪತ್ರ ಬೇಕು. ಆ ಪತ್ರ ಕಾನ್ಸುಲೇಟಿಗೆ ಹೋಗಿ, ಅವರು ಒಪ್ಪಿ, ಪಾಸ್‌ಪೋರ್ಟ್ ಕೊರಿಯರಿಗೆ ಹಾಕಬೇಕು. ಇಲ್ಲಿ ಶುಕ್ರವಾರ, ಶನಿವಾರ ರಜೆ. ಅಲ್ಲಿ ಶನಿವಾರ, ಭಾನುವಾರ. ಎಷ್ಟು ಬೇಗ ಅಂದರೂ ಮಂಗಳವಾರ.

ಮ್ಯಾನೇಜರ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. “ಅರ್ಜಿ ವಾಪಸ್ ತೆಗೀಬೇಡ ಮಾರಾಯ್ತಿ. ತೆಗೆದ್ರೆ ಮತ್ತೆ ಮೊದಲಿಂದ, ಜೂನ್ ಹಡಗು ಹೋಯ್ತು ಅಂತಲೇ ಲೆಕ್ಕ. ಸೋಮವಾರ ತನಕ ನೋಡುವ. ವೀಸಾ ಆಗಿಯೇ ಬಂದ್ರೂ ಬರಬಹುದು.”

“ಸೋಮವಾರ ತನಕ ಅವರ ಅಕ್ಕ ಇರ್ತಾರಾ?”

“ಹಾಗಾದ್ರೆ ಪಾಸ್‌ಪೋರ್ಟ್ ಕಳೆದುಹೋಯ್ತು ಅಂತ ಪೊಲೀಸರಿಗೆ ಹೇಳಿ, ಎಂಬೆಸಿಯಿಂದ ತುರ್ತು ಪತ್ರ ತೆಗೆಸು. ಊರಿಗೆ ಹೋಗ್ಲಿಕ್ಕೆ ಅಷ್ಟು ಸಾಕು.”

“ಹೋಗ್ಲಿಕ್ಕೆ ಸಾಕು. ಆ ಪಾಸ್‌ಪೋರ್ಟ್ ರದ್ದಾಗ್ತದೆ. ವಾಪಸ್ ಕೆಲಸಕ್ಕೆ ಬರುವುದು ಹೇಗೆ? ಮತ್ತೆ ಅದು ಕಳೆದುಹೋಗ್ಲಿಲ್ಲ.”

ಎರಡು ಗಂಟೆಗೆ ಹಾಜಿಯವರು ಬಂದರು, ಪ್ಲಾಂಟಿನ ನೀಲಿ ಕವರಾಲ್‌ನಲ್ಲೇ. ಕೂರಲಿಲ್ಲ. “ಎಲ್ಲಿ ಉಂಟು?”

ಕಾನ್ಸುಲೇಟ್ ಇರುವ ಊರಿನ ಹೆಸರು ಹೇಳಿದೆ.

“ನನಗಿಂತ ಮೊದಲು ಅದು ವಿಮಾನ ಹತ್ತಿತಾ?”

ಮ್ಯಾನೇಜರ್ ಪೊಲೀಸ್ ದೂರಿನ ಮಾತು ತೆಗೆದರು. ಹಾಜಿಯವರು ಕೈ ಅಡ್ಡ ಹಿಡಿದರು. “ಸುಳ್ಳು ಹೇಳಿ ಅಕ್ಕನ ಹತ್ರ ಹೋಗುದು ಬೇಡ.”

ಗಡಿಯಾರ ನೋಡಿದೆ. ಆ ಕಾನ್ಸುಲೇಟ್ ಶುಕ್ರವಾರ ಮಧ್ಯಾಹ್ನದ ತನಕ ತೆರೆದಿರುತ್ತದೆ. ಅರ್ಜಿದಾರರ ಅಧಿಕಾರ ಪತ್ರ ಇದ್ದರೆ ಏಜೆಂಟರ ಕೈಗೆ ಪಾಸ್‌ಪೋರ್ಟ್ ಕೊಟ್ಟ ಉದಾಹರಣೆ ಇದೆ ಎಂದು ಸೆಂಟರಿನವರು ಹೇಳಿದ್ದರು. ಕೊಟ್ಟೇ ಕೊಡುತ್ತಾರೆ ಅಂತ ಹೇಳಿರಲಿಲ್ಲ.

“ನಾಳೆ ಕೊರಿಯರ್ ಮಾಫಿ, ಇಲ್ಲವೇ ಇಲ್ಲ,” ಅಂದರು ಮ್ಯಾನೇಜರ್.

“ಕೊರಿಯರ್ ನಾನೇ,” ಅಂದೆ.

ನನ್ನ ಪಾಸ್‌ಪೋರ್ಟ್ ನನ್ನ ಚೀಲದಲ್ಲೇ ಇತ್ತು. ಅದು ಯಾವತ್ತೂ ಅಲ್ಲೇ ಇರುತ್ತದೆ. ಯಾಕೆ ಅಂತ ನಾನು ನನ್ನನ್ನು ಕೇಳಿಕೊಂಡಿರಲಿಲ್ಲ.

ಎರಡು ಪತ್ರ ಟೈಪ್ ಮಾಡಿದೆ, ಅರ್ಜಿ ಹಿಂಪಡೆಯುವುದು ಒಂದು, ನನಗೆ ಅಧಿಕಾರ ಕೊಡುವುದು ಒಂದು. ಹಾಜಿಯವರು ಸಹಿ ಮಾಡಿದರು. ಅಲ್ ರಯ್ಯಾನ್‌ಗೆ ಹೋಗಿ ಅವರ ಹೆಂಡತಿಯ ಸಹಿಯನ್ನೂ ಹಾಕಿಸಿದೆ. ಒಬ್ಬರದ್ದೇ ಹಿಂಪಡೆದರೆ ಇನ್ನೊಬ್ಬರ ಅರ್ಜಿ ಉಳಿಯುತ್ತದೆ ಎಂದು ಹೇಳಿ ನೋಡಿದೆ. ಆಕೆ ಪೆನ್ನು ಇಳಿಸದೆ ಅಂದರು, “ನಾನೊಬ್ಬಳೇ ಹಡಗಿನಲ್ಲಿ ಕೂತು ಎಂತ ಮಾಡ್ಲಿ?” ಅಲ್ಲಿಂದ ಕಾನ್ಸುಲೇಟಿಗೆ ಇಮೇಲ್, ಆಸ್ಪತ್ರೆಯ ಪತ್ರದ ಪ್ರತಿಯೊಡನೆ. ಗಲ್ಫ್ ನಿವಾಸಿಗಳಿಗೆ ಕೊಡುವ ಇ-ವೀಸಾಕ್ಕೆ ನನ್ನ ಅರ್ಜಿ. ಅದು ಬರುವಾಗ ಸಂಜೆ ಏಳು ಗಂಟೆ. ಮಂಗಳೂರಿನ ವಿಮಾನ ಹೊರಟಾಗಿತ್ತು.

ಶುಕ್ರವಾರ ಅಲ್ ಥುಮಾಮಾದ ನನ್ನ ರೂಮಿನಿಂದ ಮೊದಲ ವಿಮಾನಕ್ಕೆ ಹೋದೆ. ಎಂಟೂಕಾಲಿಗೆ ಕಾನ್ಸುಲೇಟಿನ ಗೇಟಿನಲ್ಲಿದ್ದೆ. ಗಾರ್ಡಿನ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಇಮೇಲ್ ಯಾರೂ ತೆರೆದಿರಲಿಲ್ಲ. ಗಾರ್ಡಿಗೆ ಹಿಂದಿಯಲ್ಲಿ ವಿವರಿಸಿದೆ, ಅವನು ಕೇಳಿದ್ದು ಒಂದೇ, “ಯಾರಾದರೂ ಸತ್ತಿದ್ದಾರಾ?” ಇಲ್ಲ, ಆಸ್ಪತ್ರೆಯಲ್ಲಿದ್ದಾರೆ ಅಂದೆ. “ಹಾಗಾದರೆ ಕಾಯಿರಿ.” ಒಂಬತ್ತಕ್ಕೆ ಒಳಗೆ ಬಿಟ್ಟರು. ಕಿಟಕಿಯ ಹಿಂದೆ ಇದ್ದಾಕೆ ಎರಡೂ ಪತ್ರಗಳ ಸಹಿಯನ್ನು ಅರ್ಜಿಯ ಸಹಿಯೊಡನೆ ಹೋಲಿಸಿ ನೋಡಿದರು. ಹಾಜಿಯವರ ಸಹಿ ಸ್ವಲ್ಪ ಸೊಟ್ಟಗಿತ್ತು. “ನಿಂತುಕೊಂಡು ಮಾಡಿದ ಸಹಿ,” ಅಂದೆ. ಅಧಿಕಾರಿಯನ್ನು ಕೇಳಬೇಕು ಎಂದು ಒಳಗೆ ಹೋದರು.

ಹತ್ತು ನಲವತ್ತಕ್ಕೆ ಹಾಜಿಯವರ ಹೆಂಡತಿಯ ಮೆಸೇಜು ಬಂತು. ಇನ್ನಾ ಲಿಲ್ಲಾಹಿ, ಸಾವಿನ ಸುದ್ದಿಗೆ ಹೇಳುವ ಮಾತು. ಅಷ್ಟೇ.

ಊರಲ್ಲಿ ಆಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ಲೆಕ್ಕ ಮಾಡುವುದು ನನ್ನ ಉದ್ಯೋಗ, ಕೂತಲ್ಲೇ ಮಾಡಿದೆ. ಸಂಜೆಯ ಅಸರ್ ನಮಾಜಿನ ಬಳಿಕ ಮಣ್ಣು ಮಾಡುತ್ತಾರೆ. ಈ ಪಾಸ್‌ಪೋರ್ಟ್ ಈ ಕ್ಷಣ ಕೈಗೆ ಬಂದರೂ ಹಾಜಿಯವರು ಊರು ಮುಟ್ಟುವುದು ನಾಳೆ ಬೆಳಿಗ್ಗೆ. ಅಂದರೆ ಮುಖ ನೋಡಲು ಆಗುವುದಿಲ್ಲ. ಅಂದರೆ ಅರ್ಜಿ ಹಿಂಪಡೆಯಲು ಇದ್ದ ಕಾರಣ ಈಗ ಇಲ್ಲ. ಎದ್ದು ಕಿಟಕಿಗೆ ಹೋಗಿ ಪತ್ರ ವಾಪಸ್ ಕೇಳಿದರೆ ಹಡಗಾದರೂ ಉಳಿಯುತ್ತದೆ. ಒಂದಕ್ಕೊಂದು ಕೊಂಡಿ ಕೂಡುವ, ಎಲ್ಲೂ ಬಿರುಕಿಲ್ಲದ ವಾದ. ನನಗೆ ಅದನ್ನು ಮುಟ್ಟಲು ಹೇಸಿಗೆಯಾಯಿತು. ಆದರೂ ತೀರ್ಮಾನ ಅವರದ್ದು ಎಂದು ಫೋನು ಮಾಡಿದೆ.

“ಹಾಜಿಯವರೇ, ಕೇಳಿದೆ.”

“ಹೂಂ.”

“ಇಲ್ಲಿ ಇನ್ನೂ ಕೊಟ್ಟಿಲ್ಲ. ಈಗ ಬೇಕಾದ್ರೆ—”

“ತಗೊಂಡು ಬಾ.”

ಹಿಂದೆ ಯಾರೋ ಕುರ್‌ಆನ್ ಓದುತ್ತಿದ್ದ ಸದ್ದು ಕೇಳುತ್ತಿತ್ತು. ಅವರೇ ಮುಂದುವರಿಸಿದರು, “ನಾನು ಬರುವ ತನಕ ಇಡಬೇಕಾ ಅಂತ ಊರಿಂದ ಕೇಳಿದ್ರು. ಕಾಯಬೇಡಿ ಅಂತ ಹೇಳಿದೆ. ಉಮ್ಮ ತೀರಿಕೊಂಡಾಗಲೂ ಹಾಗೇ ಹೇಳಿದ್ದು.”

ಹನ್ನೊಂದು ಇಪ್ಪತ್ತಕ್ಕೆ ಕಿಟಕಿಯವರು ನನ್ನ ಹೆಸರು ಕರೆದರು. ಎರಡು ಪಾಸ್‌ಪೋರ್ಟ್, ಎರಡು ರಸೀದಿ, ನಾಲ್ಕು ಸಹಿ. ಹಾಜಿಯವರ ಪಾಸ್‌ಪೋರ್ಟಿನಲ್ಲಿ ವೀಸಾಕ್ಕೆ ಇದ್ದ ಪುಟ ಖಾಲಿಯಾಗಿಯೇ ಇತ್ತು. “ಸೋಮವಾರ ಆಗುತ್ತಿತ್ತು,” ಅಂದರು ಆಕೆ, ಸಮಾಧಾನಕ್ಕೆ ಎಂಬಂತೆ.

ವಾಪಸ್ ಬರುವ ವಿಮಾನದಲ್ಲಿ ಚೀಲವನ್ನು ಮೇಲಿನ ಪೆಟ್ಟಿಗೆಯಲ್ಲಿ ಇಡಲು ಗಗನಸಖಿ ಕೇಳಿದರು. ಕೊಡಲಿಲ್ಲ. ಕಾಲಡಿಯಲ್ಲೂ ಇಡಲಿಲ್ಲ.

ಸಂಜೆ ನಾಲ್ಕೂವರೆಗೆ ದೋಹಾ ಏರ್‌ಪೋರ್ಟಿನ ನಿರ್ಗಮನ ದ್ವಾರದ ಹತ್ತಿರ ಅವರಿಬ್ಬರೂ ನಿಂತಿದ್ದರು. ಒಂದೇ ಸೂಟ್‌ಕೇಸು. ಹಾಜಿಯವರ ಕೈಯಲ್ಲಿ ಫೋನು, ಪರದೆ ಕಪ್ಪಾಗಿತ್ತು. ಎರಡು ಗಂಟೆ ಮೊದಲು ಅಳಿಯನೊಬ್ಬ ಮಸೀದಿಯ ಅಂಗಳದಲ್ಲಿ ಫೋನು ಎತ್ತಿ ಹಿಡಿದು ಮಣ್ಣು ಮಾಡುವುದನ್ನು ತೋರಿಸಿದ್ದನಂತೆ. ಜನರ ಬೆನ್ನು ಅಡ್ಡ ಬಂದು ಏನೂ ಸರಿಯಾಗಿ ಕಾಣಲಿಲ್ಲವಂತೆ. ಇದನ್ನು ಹೇಳಿದ್ದು ಹೆಂಡತಿ.

ಪಾಸ್‌ಪೋರ್ಟ್‌ಗಳನ್ನು ಎರಡೂ ಕೈಯಲ್ಲಿ ಕೊಟ್ಟೆ. ಹಾಜಿಯವರು ತಮ್ಮದನ್ನು ತೆರೆದು ಫೋಟೋ ಇರುವ ಪುಟ ನೋಡಿದರು, ಬೇರೆಯವರದ್ದು ಇರಬಹುದೇನೋ ಎಂಬಂತೆ. ಮುಚ್ಚಿದರು.

“ಅವತ್ತು ಕೌಂಟರಿನಲ್ಲಿ ನಾನು ಒಂದು ಕೇಳಿದ್ದೆ.”

“ಹೌದು.”

“ಅದು ದೋಹಾದಲ್ಲಿ ಇರುದಿಲ್ಲ ಅಂತ ನಿನಗೆ ಗೊತ್ತಿತ್ತಾ?”

ಉತ್ತರಗಳು ಇದ್ದವು. ನಾನು ಹೇಳಿದ್ದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಮೊದಲ ದೇಶದ ಸರದಿಗೆ ಕಾದಿದ್ದರೆ ಜೂನ್ ಹಡಗಿಗೆ ವೀಸಾ ಬರುವುದು ಅನುಮಾನ. ಪಾಸ್‌ಪೋರ್ಟ್ ದೋಹಾದಲ್ಲೇ ಇದ್ದಿದ್ದರೂ ಅದೇ ಸಂಜೆ ಕೈಗೆ ಸಿಗುತ್ತಿತ್ತೆಂದು ಹೇಳಲಾಗದು. ಮೂರೂ ನಿಜ, ಮೂರೂ ನಾಲಿಗೆಯ ತುದಿಗೆ ಬಂದು ನಿಂತಿದ್ದವು.

“ಗೊತ್ತಿತ್ತು,” ಅಂದೆ.

“ಹೇಳಿದ್ರೆ ನಾನು ಕೊಡ್ತಿರ್ಲಿಲ್ಲ.”

“ಅದೂ ಗೊತ್ತಿತ್ತು.”

ಅವರು ಇನ್ನೇನೋ ಕೇಳುತ್ತಾರೆ ಎಂದುಕೊಂಡೆ. ಬೈದರೆ ಒಳ್ಳೆಯದಿತ್ತು. ಬೈಗುಳಕ್ಕೆ ಏನಾದರೂ ಒಂದು ಹೇಳಬಹುದು. ಅವರು ಸೂಟ್‌ಕೇಸಿನ ಹಿಡಿಕೆ ಎಳೆದು ಹೆಂಡತಿಗೆ “ನಡಿ” ಅಂದರು. ಆಕೆ ಎರಡು ಹೆಜ್ಜೆ ಹೋಗಿ ತಿರುಗಿದರು. “ಬೆಳಿಗ್ಗೆಯಿಂದ ಎಂತಾದ್ರೂ ತಿಂದಿದ್ದೀಯಾ ಮಗಳೇ?”

ನಾನು ಹೌದು ಅಂದೆ. ಅದು ಮಾತ್ರ ಸುಳ್ಳು.

ಗಾಜಿನ ಆಚೆ ಚೆಕ್-ಇನ್ ಸಾಲು ಕಾಣುತ್ತಿತ್ತು. ಅವರ ಸರದಿ ಬಂತು. ಕೌಂಟರಿನ ಹುಡುಗಿ ಕೈ ಚಾಚಿದಳು. ಹಾಜಿಯವರು ಪಾಸ್‌ಪೋರ್ಟ್ ಕೊಟ್ಟರು. ಅವಳು ಅದನ್ನು ತಿರುವಿ, ಟೈಪ್ ಮಾಡಿ, ಪಕ್ಕದವಳನ್ನು ಏನೋ ಕೇಳಿ, ಬೋರ್ಡಿಂಗ್ ಪಾಸ್ ಮುದ್ರಿಸಿ ವಾಪಸ್ ಕೊಡುವ ತನಕ ಹಾಜಿಯವರ ಕೈ ಕೌಂಟರಿನ ಮೇಲೆ ಹಾಗೇ ಚಾಚಿಕೊಂಡಿತ್ತು, ಅಂಗೈ ಮೇಲಾಗಿ.